ಅಕ್ಕನಿಗೆ ಒಪ್ಪಿಸಿದ ಲಿನಕ್ಸ್

ನಮ್ಮ ಬಾಲ್ಕನಿಯಲ್ಲಿ ಐದು ಸಿ.ಡಿ.ಗಳು ದಾರಕ್ಕೆ ನೇತುಬಿದ್ದಿವೆ. ದೆಹಲಿಯಲ್ಲಿ ಸಂಸಾರ ಹೂಡಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಊರಲ್ಲಿ ಕುಳಿತು ಓದುತ್ತಿರುವ ನಿಮಗಾಗಿ ಹೇಳುತ್ತೇನೆ: ಪಾರಿವಾಳಗಳ ಕಾಟ. ಹೊಳೆಯುವ ವಸ್ತು ಗಾಳಿಗೆ ಅಲುಗಾಡುತ್ತಿದ್ದರೆ ಪಾರಿವಾಳ ಹೆದರಿ ಹತ್ತಿರ ಸುಳಿಯುವುದಿಲ್ಲ ಎಂದು ನಮ್ಮ ರೋಹಿಣಿ ಬಡಾವಣೆಯ ಅಷ್ಟೂ ಸೆಕ್ಟರ್‌ಗಳ ಜನ ನಂಬಿದ್ದಾರೆ. ಪಾರಿವಾಳಗಳಿಗೆ ಮಾತ್ರ ಈ ವಿಷಯವನ್ನು ಯಾರೂ ತಿಳಿಸಿಲ್ಲ. ನಮ್ಮಲ್ಲಿ ಠಿಕಾಣಿ ಹೂಡಿರುವ ಜೋಡಿಯಂತೂ ಸಿ.ಡಿ.ಯಲ್ಲಿ ಮುಖ ನೋಡಿಕೊಂಡು, ಕತ್ತು ಕೊಂಕಿಸಿ, ಆಮೇಲೆ ತಮ್ಮ ಕೆಲಸ ಮುಂದುವರಿಸುತ್ತದೆ. ವರ್ಷಕ್ಕೆ ಮೂರು ಬಾಣಂತನ ನಮ್ಮ ಕೂಲರ್ ಹಿಂದೆಯೇ ಆಗುತ್ತದೆ.

ಮೊನ್ನೆ ಬಾಲ್ಕನಿ ತೊಳೆಯುತ್ತಿದ್ದ ನನ್ನ ಹೆಂಡತಿ ಒಂದು ಸಿ.ಡಿ.ಯನ್ನು ಹಿಡಿದು ನಿಲ್ಲಿಸಿ ಅದರ ಮೇಲಿನ ಮಾಸಿದ ಬರಹ ಓದಿದಳು. "ಎಂಟರ್‌ಪ್ರೈಸ್ ಲಿನಕ್ಸ್, ಡಿಸ್ಕ್ ಮೂರು. ಇದೇನ್ರೀ, ಏನಾದ್ರೂ ಮುಖ್ಯದ್ದಾ?" ಅಂದಳು. ಏನೂ ಇಲ್ಲ, ಹಾಗೇ ಇರಲಿ ಎಂದು ಒಳಗೆ ಬಂದೆ. ಬಂದು ಕುಳಿತವನು ಕಾಫಿ ತಣ್ಣಗಾಗುವವರೆಗೂ ಏಳಲಿಲ್ಲ.

ಈ ಲಿನಕ್ಸ್ ಎನ್ನುವುದು ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಅದಿಲ್ಲದಿದ್ದರೆ ಕಂಪ್ಯೂಟರ್ ಬರೀ ಬಿಸಿಯಾಗುವ ಡಬ್ಬಿ. ಎಂಟರ್‌ಪ್ರೈಸ್ ಎಂದರೆ ದೊಡ್ಡ ಕಂಪನಿಗಳ ಸರ್ವರ್‌ಗೆಂದೇ, ಅಂದರೆ ಎಲ್ಲರ ಕಡತಗಳನ್ನೂ ಇಡುವ ಕಂಪ್ಯೂಟರಿಗೆಂದೇ ಮಾಡಿದ್ದು. ಮನೆಯ ಕಂಪ್ಯೂಟರ್ ಕೆಟ್ಟರೆ ಒಬ್ಬರು ಬೈಯುತ್ತಾರೆ, ಎಂಟರ್‌ಪ್ರೈಸ್ ಕೆಟ್ಟರೆ ಟೈ ಕಟ್ಟಿದ ಹತ್ತು ಜನ ಸುತ್ತ ನಿಂತು ಬೈಯುತ್ತಾರೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ನನಗೆ ಇವತ್ತಿಗೂ ತಿಳಿದಿಲ್ಲ.

ಎರಡು ಸಾವಿರದ ನಾಲ್ಕೈದರ ಮಾತು. ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿ, ಕೆಲಸ ಸಿಗದೆ, ಮಂಡಕ್ಕಿ ಮೆಲ್ಲುತ್ತಾ ಕಾಲ ಕಳೆಯುತ್ತಿದ್ದ ನನ್ನನ್ನು ಅಕ್ಕ ದೆಹಲಿಗೆ ಕರೆಸಿಕೊಂಡಳು. ಸುಮಿತ್ರಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಭಾವನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ರೋಹಿಣಿಯಲ್ಲಿ ಎರಡು ಕೋಣೆಯ ಮನೆ, ಒಂಬತ್ತು ವರ್ಷದ ಮಗಳು ಪಿಂಕಿ. ಕಂಪ್ಯೂಟರ್ ಕಲಿತರೆ ಕೆಲಸ ಗ್ಯಾರಂಟಿ ಎಂದು ಭಾವನ ಆಫೀಸಿನಲ್ಲಿ ಯಾರೋ ಹೇಳಿದ್ದರು. ಹಾಗಾಗಿ ನಾನು ದಿನವೂ ಊರಿನ ಈ ತುದಿಯಿಂದ ಆ ತುದಿಗೆ, ಲಕ್ಷ್ಮೀ ನಗರದ ಒಂದು ಇನ್‌ಸ್ಟಿಟ್ಯೂಟಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗತೊಡಗಿದೆ.

ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಸಿ.ಎ. ಕೋಚಿಂಗ್, ನಡುವೆ ನಮ್ಮ ಲಿನಕ್ಸ್. ಇಪ್ಪತ್ತೈದು ಜನ ವಿದ್ಯಾರ್ಥಿಗಳು, ಒಂದು ಕಂಪ್ಯೂಟರ್. ಆ ಕಂಪ್ಯೂಟರಿನ ಮುಂದೆ ನಮ್ಮ ಗುರುಗಳಾದ ತೋಮರ್ ಸರ್ ಕೂರುತ್ತಿದ್ದರು. ಕೀಬೋರ್ಡನ್ನು ಅವರು ಬೇರೆಯವರಿಗೆ ಮುಟ್ಟಲು ಕೊಟ್ಟದ್ದನ್ನು ಕಂಡವರಿಲ್ಲ. ಲಿನಕ್ಸ್ ಹಾಕುವಾಗ ಕಂಪ್ಯೂಟರಿನಲ್ಲಿ ಬರುವ ಒಂದೊಂದು ತೆರೆಯನ್ನು ಅವರು ತೋರಿಸುವುದು, ನಾವು ಅದನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಳ್ಳುವುದು, ಇದೇ ಶಿಕ್ಷಣ. ನಾನು ಸ್ಕೇಲು ಪೆನ್ಸಿಲ್ ಹಿಡಿದು, ಹೈಸ್ಕೂಲಿನಲ್ಲಿ ಹೂವಿನ ಅಡ್ಡಸೀಳಿಕೆ ಬಿಡಿಸಿದಷ್ಟೇ ಶ್ರದ್ಧೆಯಿಂದ, ಪುಟಕ್ಕೊಂದು ತೆರೆಯಂತೆ ಇಪ್ಪತ್ತೆರಡು ಪುಟ ಬಿಡಿಸಿದೆ. ಯಾವ ಚೌಕಕ್ಕೆ ಟಿಕ್, ಯಾವ ಗುಂಡಿಗೆ ಒತ್ತು, ಎಲ್ಲ ಇತ್ತು. ಆರನೇ ಪುಟದಲ್ಲಿ ಒಂದು ಭಯಂಕರ ಎಚ್ಚರಿಕೆ ಬರುತ್ತಿತ್ತು. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಯಂತ್ರ ಕೇಳುತ್ತಿತ್ತು. ತೋಮರ್ ಸರ್ ಆಗ "ಡರ್ನಾ ನಹೀಂ, ಯೆಸ್ ದಬಾನಾ" ಅಂದರು. ನಾನು ಅಂಚಿನಲ್ಲಿ 'ಹೆದರಬಾರದು. ಯೆಸ್ ಒತ್ತುವುದು' ಎಂದು ಕನ್ನಡದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಪ್ರಾಕ್ಟಿಕಲ್ ಇತ್ತೇ ಎಂದು ಕೇಳಬೇಡಿ. ಮೊದಲ ಸಲ ಕರೆಂಟು ಹೋಯಿತು. ಎರಡನೇ ಸಲ ತೋಮರ್ ಸರ್ ಸೋದರನ ಮದುವೆ. ಮೂರನೇ ಸಲಕ್ಕೆ ಕೋರ್ಸೇ ಮುಗಿದು ಕೈಗೆ ಬಣ್ಣದ ಸರ್ಟಿಫಿಕೇಟ್ ಬಂದಿತ್ತು. ಈ ಲೋಕದಲ್ಲಿ ಈಜನ್ನು ಪುಸ್ತಕದಿಂದ ಕಲಿತವರು ಇದ್ದರೆ ಅವರು ನನ್ನ ಸಹಪಾಠಿಗಳು.

ಈ ಸರ್ಟಿಫಿಕೇಟ್ ಹಿಡಿದು ದೆಹಲಿ ಹೊರಗಿನ ಮಾನೇಸರ್‌ಗೆ ಹೋದೆ. ಕಾರಿನ ಬಾಗಿಲಿಗೆ ಹಾಕುವ ಕೀಲುಗಳನ್ನು ತಯಾರಿಸುವ ಕಾರ್ಖಾನೆ. ಪ್ಲಾಂಟ್ ಮ್ಯಾನೇಜರ್ ಚಡ್ಢಾ ಸಾಹೇಬರು ನನ್ನ ಹೆಸರು ಮಂಜುನಾಥ ಎಂದು ಓದಿ, "ಬೆಂಗಳೂರಿನವನಾ?" ಎಂದು ಕಣ್ಣರಳಿಸಿದರು. ದಾವಣಗೆರೆ ಎಂದೆ. "ಹಾಂ ಹಾಂ, ಅದೇ ಬೆಂಗಳೂರ್ ಸೈಡ್" ಎಂದು ಅವರೇ ತೀರ್ಮಾನಿಸಿದರು. ಆ ಕಾಲದ ದೆಹಲಿಯಲ್ಲಿ ಇದೊಂದು ನಂಬಿಕೆ: ಕರ್ನಾಟಕದಿಂದ ಬಂದವನೆಂದರೆ ಬೆಂಗಳೂರಿನವನು, ಬೆಂಗಳೂರಿನವನೆಂದರೆ ಹುಟ್ಟುತ್ತಲೇ ಕಂಪ್ಯೂಟರ್ ಬಲ್ಲವನು. ಈ ನಂಬಿಕೆಯನ್ನು ಒಡೆಯುವಷ್ಟು ಸತ್ಯಸಂಧ ನಾನಾಗಿರಲಿಲ್ಲ. "ಲಿನಕ್ಸ್ ಸರ್ವರ್ ಹಾಕಿದ್ದೀಯಾ?" ಎಂದು ಕೇಳಿದರು. "ಬಹಳ ಸಲ ಸರ್" ಎಂದೆ. ಮುಖದ ಒಂದು ನರವೂ ಅಲುಗಲಿಲ್ಲ.

ಕೆಲಸ ಸಿಕ್ಕಿತು. ಮೂರು ತಿಂಗಳು ಪ್ರೊಬೇಷನ್, ಆಮೇಲೆ ಕಾಯಂ. ಅಪ್ಪ ದಾವಣಗೆರೆಯಲ್ಲಿ ಗುರುತಿದ್ದವರಿಗೆ, ಇಲ್ಲದವರಿಗೆ, ಎಲ್ಲರಿಗೂ ಹೇಳಿಕೊಂಡು ಬಂದರು. ಸೇರಿದ ವಾರಕ್ಕೇ ಚಡ್ಢಾ ಸಾಹೇಬರು, "ಹಳೇ ಸರ್ವರ್ ಸತ್ತಿದೆ. ಹೊಸದು ಮುಂದಿನ ಶನಿವಾರ ಬರುತ್ತೆ. ನೀನೇ ಲಿನಕ್ಸ್ ಹಾಕಬೇಕು, ಬೆಂಗಳೂರ್ ಸ್ಟೈಲಲ್ಲಿ" ಅಂದರು. ಆ ಶನಿವಾರ ಸುಳ್ಳು ಬಯಲಾದರೆ ನಾನು ಮತ್ತೆ ದಾವಣಗೆರೆಯ ಕಟ್ಟೆಯ ಮೇಲೆ ಕೂರಬೇಕಿತ್ತು, ಈ ಸಲ ಮಂಡಕ್ಕಿಯ ಜೊತೆಗೆ ಮರ್ಯಾದೆಯನ್ನೂ ಮೆಲ್ಲುತ್ತಾ.

ಆ ಸಂಜೆಯೇ ಅಡುಗೆಮನೆಗೆ ಹೋಗಿ ನೋಟ್‌ಬುಕ್ಕನ್ನು ಅಕ್ಕನ ಮುಂದೆ ಇಟ್ಟೆ. ಪುಸ್ತಕ ಹಿಡಿದುಕೊಂಡು ಸರ್ವರ್ ಮುಂದೆ ಕೂತರೆ ಬಣ್ಣ ಬಯಲಾಗುತ್ತದೆ, ಪೂರ್ತಿ ಬಾಯಿಪಾಠ ಆಗಬೇಕು ಎಂದೆ. ಅಕ್ಕ ಬೀನ್ಸ್ ಸೋಸುವುದನ್ನು ನಿಲ್ಲಿಸದೆ, "ಸರಿ, ಒಪ್ಪಿಸು" ಅಂದಳು.

ಇದು ನಮ್ಮಿಬ್ಬರ ಹಳೆಯ ವ್ಯವಹಾರ. ದಾವಣಗೆರೆಯಲ್ಲಿ ಅಕ್ಕ ರೊಟ್ಟಿ ತಟ್ಟುತ್ತಾ ಕೂತರೆ ನಾನು ಪಕ್ಕದಲ್ಲಿ ಮಗ್ಗಿ ಒಪ್ಪಿಸಬೇಕಿತ್ತು. ರೊಟ್ಟಿ ತಟ್ಟುವ ಸದ್ದಿಗೆ ಸರಿಯಾಗಿ ಹದಿನೇಳೊಂದ್ಲೆ ಹದಿನೇಳು ಶುರುವಾಗುತ್ತಿತ್ತು. ರೊಟ್ಟಿ ಹರಿದರೆ ಸದ್ದು ನಿಲ್ಲುತ್ತಿತ್ತು, ಸದ್ದು ನಿಂತರೆ ನನ್ನ ಮಗ್ಗಿಯೂ ನಿಲ್ಲುತ್ತಿತ್ತು. ನಡುವಿನಿಂದ ಕೇಳಿದರೆ ನನಗೆ ಬರುತ್ತಿರಲಿಲ್ಲ. "ಹದಿನೇಳೇಳ್ಲೆ ಎಷ್ಟೋ?" ಎಂದರೆ ನಾನು ಒಂದರಿಂದ ಹೊರಟು, ಮೆಟ್ಟಿಲು ಮೆಟ್ಟಿಲು ಹತ್ತಿ, ನೂರಾ ಹತ್ತೊಂಬತ್ತಕ್ಕೆ ಏದುಸಿರು ಬಿಡುತ್ತಾ ತಲುಪುತ್ತಿದ್ದೆ. ಮೇಷ್ಟ್ರು ಇದನ್ನು ದಡ್ಡತನ ಎನ್ನುತ್ತಿದ್ದರು. ಅಕ್ಕ ಮಾತ್ರ, "ಬಿಡಿ ಸರ್, ಮೊದಲಿಂದ ಬಿಟ್ರೆ ಚೆನ್ನಾಗಿ ಹೇಳ್ತಾನೆ" ಎಂದು ನನ್ನ ಪರ ವಕಾಲತ್ತು ಮಾಡುತ್ತಿದ್ದಳು.

ಇಲ್ಲಿ ಇನ್ನೊಂದು ಮಾತು ಹೇಳಿಬಿಡಬೇಕು. ಅಕ್ಕ ಪಿಯುಸಿ ಸೈನ್ಸಿನಲ್ಲಿ ಫಸ್ಟ್ ಕ್ಲಾಸ್. ನಾನು ಅದೇ ಪರೀಕ್ಷೆಯಲ್ಲಿ ಗಣಿತವನ್ನು ಎರಡು ಸಲ ಬರೆದವನು. ಮುಂದೆ ಓದಿಸುವುದು ಒಬ್ಬರನ್ನು ಮಾತ್ರ ಎಂದು ಮನೆಯಲ್ಲಿ ತೀರ್ಮಾನವಾದಾಗ ಓದಿದವನು ನಾನು, ಮದುವೆಯಾಗಿ ದೆಹಲಿಗೆ ಹೋದವಳು ಅವಳು. ಆಗ ನನಗೆ ಇದು ಸೂರ್ಯ ಪೂರ್ವದಲ್ಲಿ ಹುಟ್ಟಿದಷ್ಟೇ ಸಹಜವಾಗಿ ಕಂಡಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವಾರವೆಲ್ಲ ರೋಹಿಣಿಯ ಅಡುಗೆಮನೆಯಲ್ಲಿ ದಿನಕ್ಕೆರಡು ಬಾರಿ ಲಿನಕ್ಸ್ ಇನ್‌ಸ್ಟಾಲ್ ಆಗುತ್ತಿತ್ತು. ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಮೊದಲು ಭಾಷೆ, ಇಂಗ್ಲಿಷ್, ನೆಕ್ಸ್ಟ್. ಆಮೇಲೆ ಕೀಬೋರ್ಡ್, ನೆಕ್ಸ್ಟ್. ಅಕ್ಕ ಒಗ್ಗರಣೆ ಹಾಕುತ್ತಾ ಪುಟ ತಿರುಗಿಸುತ್ತಿದ್ದಳು. ತಪ್ಪಿದರೆ ಸೌಟಿನಿಂದ ಕಟ್ಟೆಗೆ ಒಂದು ಏಟು.

"ಎಂಟರಲ್ಲಿ ಏನೋ?"

"ಟೈಮ್ ಜೋನ್. ಏಷ್ಯಾ, ಕಲ್ಕತ್ತಾ."

"ನಾವಿರೋದು ಡೆಲ್ಲಿ. ಕಲ್ಕತ್ತಾ ಯಾಕೆ?"

"ಗೊತ್ತಿಲ್ಲ ಅಕ್ಕ, ಹಾಗೇ ಇದೆ."

"ಗೊತ್ತಿಲ್ಲ ಅಂದ್ರೆ ಕೇಳಬೇಕಪ್ಪ. ಅಷ್ಟು ದೂರ ಬಸ್ಸಲ್ಲಿ ಹೋಗಿ ಬರೀ ಚಿತ್ರ ಬರಕೊಂಡು ಬಂದ್ಯಾ?"

ಟಿ.ವಿ. ನೋಡುತ್ತಿದ್ದ ಪಿಂಕಿ ಅಲ್ಲಿಂದಲೇ, "ಮಮ್ಮಿ, ಮಾಮಾ ಫಿರ್ ಸೇ ಫೇಲ್ ಆದ್ರಾ?" ಎಂದು ಕೂಗುತ್ತಿದ್ದಳು. ಗುರುವಾರದ ಹೊತ್ತಿಗೆ ಅಕ್ಕನಿಗೆ ಪುಸ್ತಕ ನೋಡುವ ಅಗತ್ಯವೇ ಬೀಳಲಿಲ್ಲ. ಕಂಪ್ಯೂಟರ್ ಎಂಬುದನ್ನು ಬ್ಯಾಂಕಿನ ಗಾಜಿನಾಚೆ ಮಾತ್ರ ಕಂಡಿದ್ದ ಅವಳು, ನಾನು ಅಡ್ಡದಾರಿ ಹಿಡಿದ ಕೂಡಲೇ ಕುಕ್ಕರಿಗೆ ಬೇಳೆ ಹಾಕುತ್ತಲೇ ತಿದ್ದುತ್ತಿದ್ದಳು.

ಶನಿವಾರ ಬಂದೇ ಬಂತು. ಜೂನ್ ತಿಂಗಳ ಬಿಸಿಲು. ಇಂಟರ್‌ವ್ಯೂನಲ್ಲಿ ಚಡ್ಢಾ ಸಾಹೇಬರು ಸರ್ವರ್ ರೂಮಿಗೆ ಎ.ಸಿ. ಇದೆ ಎಂದು ಹೆಮ್ಮೆಯಿಂದ ಹೇಳಿದ್ದರು. ನೋಡಿದರೆ ಕಿಟಕಿಗೆ ಒಂದು ತಗಡಿನ ಕೂಲರ್ ಇತ್ತು, ಸರ್ವರಿಗೆ ನೀರು ಸಿಡಿಯಬಾರದೆಂದು ಅದಕ್ಕೆ ನೀರನ್ನೂ ಹಾಕಿರಲಿಲ್ಲ. ಅದು ಹೊರಗಿನ ಬಿಸಿಗಾಳಿಯನ್ನು ದೊಡ್ಡ ಸದ್ದಿನೊಡನೆ ಒಳಗೆ ತಂದು ಹಾಕುತ್ತಿತ್ತು. ಸಾಹೇಬರು ಹೊಸ ಸರ್ವರಿನ ನೆತ್ತಿಗೆ ಕುಂಕುಮದಿಂದ ಸ್ವಸ್ತಿಕ ಬರೆದು, ಬಾಟಲಿಯಿಂದ ಗಂಗಾಜಲ ಪ್ರೋಕ್ಷಿಸಲು ಕೈ ಎತ್ತಿದಾಗ ಮಿಶ್ರಾಜಿ ಆ ಕೈಯನ್ನು ಗಾಳಿಯಲ್ಲೇ ಹಿಡಿದರು.

ಮಿಶ್ರಾಜಿ ಕ್ವಾಲಿಟಿ ವಿಭಾಗದ ಹಿರಿಯರು. ಕೀಲಿನ ಅಚ್ಚುಗಳ ಡ್ರಾಯಿಂಗುಗಳು, ಪ್ರತಿ ಲಾಟಿನ ತಪಾಸಣೆಯ ವರದಿಗಳು, ಅವರ ಎಂಟು ವರ್ಷದ ಕೆಲಸ ಪೂರ್ತಿ ಹಳೆಯ ಸರ್ವರಿನಲ್ಲಿತ್ತು. ಸರ್ವರ್ ಸತ್ತರೂ ಅದರ ಡಿಸ್ಕ್ ಬದುಕಿತ್ತು. ಅದನ್ನು ಅವರು ಗಮಚಾ ಎನ್ನುವ ತಮ್ಮ ಹೆಗಲ ವಸ್ತ್ರದಲ್ಲಿ ಸುತ್ತಿ, ಹಸುಗೂಸನ್ನು ತರುವಂತೆ ಎರಡು ಕೈಯಲ್ಲಿ ತಂದರು. ಲಿನಕ್ಸ್ ಹಾಕಿದ ಮೇಲೆ ಅದರಲ್ಲಿರುವುದನ್ನು ಹೊಸ ಡಿಸ್ಕಿಗೆ ನಕಲು ಮಾಡಿಕೊಳ್ಳುವುದೆಂದು ಮಾತಾಗಿತ್ತು. ಒಟ್ಟಿಗೇ ಆಗಲಿ ಎಂದು ಅದನ್ನೂ ಮೊದಲೇ ಹೊಸ ಯಂತ್ರಕ್ಕೆ ಜೋಡಿಸಿದೆವು. ಬೇರೆ ಪ್ರತಿ ಇದೆಯೇ ಎಂದು ಔಪಚಾರಿಕವಾಗಿ ಕೇಳಿದೆ. 'ಬ್ಯಾಕಪ್' ಎಂದು ಬರೆದ ಒಂದು ಬೀರು ತೋರಿಸಿದರು. ಅದರಲ್ಲಿ ಕಳೆದ ದೀಪಾವಳಿಯ ಲೈಟಿನ ಸರಗಳಿದ್ದವು.

ಮೊದಲ ಸಿ.ಡಿ. ಹಾಕಿದೆ. ಭಾಷೆ, ನೆಕ್ಸ್ಟ್. ಕೀಬೋರ್ಡ್, ನೆಕ್ಸ್ಟ್. ನನ್ನ ವೇಗ ನೋಡಿ ಚಡ್ಢಾ ಸಾಹೇಬರು ಮಿಶ್ರಾಜಿಗೆ ಮೊಣಕೈಯಿಂದ ತಿವಿದು, "ನೋಡಿದಿರಾ, ಓದೋದೇ ಇಲ್ಲ" ಅಂದರು. ಅದು ನಿಜವಾಗಿತ್ತು. ಆಗ ನೋಟ್‌ಬುಕ್ಕಿನಲ್ಲಿ ಇಲ್ಲದ ಒಂದು ತೆರೆ ಬಂದು ಎದುರಿಗೆ ನಿಂತಿತು. ಇಂಥ ಡಿಸ್ಕನ್ನು ಓದಲಾಗುತ್ತಿಲ್ಲ, ಹೊಸದಾಗಿ ಸಿದ್ಧಮಾಡಲೇ ಎಂದು ಏನೋ ಕೇಳಿತು. ನನ್ನ ಮಗ್ಗಿ ನಿಂತುಹೋಯಿತು. ಎಲ್ಲಿದ್ದೆ, ಮುಂದೆ ಏನು, ಎಲ್ಲ ಅಳಿಸಿಹೋಗಿ ತಲೆಯೊಳಗೆ ಕೂಲರಿನ ಸದ್ದು ಮಾತ್ರ ಉಳಿಯಿತು.

"ಸರ್, ಒಂದು ಫೋನ್ ಮಾಡಬೇಕು" ಎಂದು ಜೇಬಿನಿಂದ ಮೊಬೈಲ್ ತೆಗೆದೆ.

ಅಕ್ಕ ಎತ್ತಿದ ಕೂಡಲೇ ಕನ್ನಡದಲ್ಲಿ ಶುರು ಮಾಡಿದೆ. ಹಿಂದೆ ಚಡ್ಢಾ ಸಾಹೇಬರು ದನಿ ತಗ್ಗಿಸಿ ಮಿಶ್ರಾಜಿಗೆ, "ಬೆಂಗಳೂರಿಗೆ ಮಾಡಿದ್ದಾನೆ. ಎಕ್ಸ್‌ಪರ್ಟ್" ಎಂದು ವಿವರಿಸಿದ್ದು ಕೇಳಿಸಿತು. ಬೆನ್ನು ನೆಟ್ಟಗೆ ಮಾಡಿಕೊಂಡೆ. ಕನ್ನಡದಲ್ಲಿ ಎಷ್ಟು ಬೇಕಾದರೂ ದಡ್ಡನಾಗಬಹುದಿತ್ತು, ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

"ಅಕ್ಕ, ಪುಸ್ತಕದಲ್ಲಿ ಇಲ್ದಿರೋದು ಬಂದಿದೆ."

"ಗಾಬರಿ ಆಗಬೇಡ. ಏನು ಬರೆದಿದೆ, ಓದು."

ಓದಿದೆ. ಅಕ್ಕ ಒಂದು ಕ್ಷಣ ಯೋಚಿಸಿದಳು. "ಆ ಡಿಸ್ಕು ಹೊಸದಲ್ವಾ? ಒಳಗೆ ಏನೂ ಇಲ್ಲ, ಅದಕ್ಕೇ ಓದಕ್ಕೆ ಆಗ್ತಿಲ್ಲ. ತೋಮರ್ ಸರ್ ಹತ್ರ ಇದ್ದಿದ್ದು ಹಳೇದು, ಅದಕ್ಕೆ ನಿಮಗೆ ಇದು ಬಂದಿಲ್ಲ. ಹೂಂ ಅನ್ನು."

ಹೂಂ ಅಂದೆ. ಸರಿಹೋಯಿತು. ಮುಂದಿನದು ನನಗೆ ಚೆನ್ನಾಗಿ ಗೊತ್ತಿದ್ದ ಆರನೇ ಪುಟ. ಎಲ್ಲವನ್ನೂ ತೆಗೆದುಹಾಕು ಎಂಬುದನ್ನು ಆರಿಸಿ ನೆಕ್ಸ್ಟ್ ಒತ್ತಿದೆ. ಭಯಂಕರ ಎಚ್ಚರಿಕೆ ಬಂತು. ಹಳೆಯ ಸ್ನೇಹಿತ ಸಿಕ್ಕಷ್ಟು ಖುಷಿಯಾಯಿತು. "ಬಂತಕ್ಕ, ಆರನೇ ಪುಟ! ಹೆದರಬಾರದು, ಯೆಸ್ ಒತ್ತುವುದು" ಎಂದು ಮೌಸನ್ನು ಯೆಸ್ ಮೇಲೆ ತಂದೆ.

"ಇರು. ಅದನ್ನೂ ಓದು."

"ಗೊತ್ತಿರೋದೇ ಅಕ್ಕ. ಎಲ್ಲ ಅಳಿಸಿಹೋಗುತ್ತೆ ಅಂತ. ಎಸ್‌ಡಿಎ, ಎಸ್‌ಡಿಬಿ."

"ಏನಂದೆ?"

"ಎಸ್‌ಡಿಎ, ಎಸ್‌ಡಿಬಿ."

"ಪುಸ್ತಕದಲ್ಲಿ ಒಂದೇ ಹೆಸರಿದೆ ಕಣೋ. ಇಲ್ಲಿ ಯಾಕೆ ಎರಡು?"

"ಇಲ್ಲಿ ಎರಡು ಡಿಸ್ಕ್ ಇದೆಯಲ್ಲ. ಒಂದು ಹೊಸದು, ಒಂದು ಮಿಶ್ರಾಜಿದು."

"ಆ ಎರಡನೇದ್ರಲ್ಲಿ ಏನಿದೆ?"

ಎಡಗಡೆ ತಿರುಗಿ ನೋಡಿದೆ. ಮಿಶ್ರಾಜಿ ಖಾಲಿ ಗಮಚಾವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಮೇಲೆ ಪೂರ್ಣ ವಿಶ್ವಾಸವಿಟ್ಟು ಕುಳಿತಿದ್ದರು.

"ಮಂಜ, ಪಾತ್ರೆ ತೊಳೆಯೋಕೆ ಹಾಕೋ ಮುಂಚೆ ಒಳಗೆ ಏನಿದೆ ಅಂತ ನೋಡಲ್ವೇನೋ? ಇಲ್ಲ ಅನ್ನೋದನ್ನ ಒತ್ತು. ಮೊದಲು ಅದನ್ನ ಒತ್ತು."

ನೋ ಒತ್ತಿದೆ. ಒಂದು ತೆರೆ ಹಿಂದಕ್ಕೆ ಹೋಯಿತು. ಅಲ್ಲಿ ಎರಡು ಡಿಸ್ಕುಗಳ ಮುಂದೆ ಎರಡು ಪುಟ್ಟ ಟಿಕ್‌ಗಳು ಅಚ್ಚುಕಟ್ಟಾಗಿ ಕುಳಿತಿದ್ದವು. ಅವು ಮೊದಲಿಂದಲೂ ಅಲ್ಲೇ ಇದ್ದವು. ನಾನು ನೋಡಿರಲಿಲ್ಲ. ಓದುವ ಅಭ್ಯಾಸ ನನಗೆ ಯಾರೂ ಕಲಿಸಿರಲಿಲ್ಲ, ಅಥವಾ ಕಲಿಸಿದವಳನ್ನು ನಾನು ಮೇಷ್ಟ್ರೆಂದು ಎಣಿಸಿರಲಿಲ್ಲ.

ನನ್ನ ಮುಖದಿಂದ ಬೆವರು ಇಳಿಯುವುದನ್ನು ನೋಡಿ ಚಡ್ಢಾ ಸಾಹೇಬರಿಗೆ ಏನೋ ದೊಡ್ಡ ಗಂಡಾಂತರ ತಪ್ಪಿತೆಂದು ಅರ್ಥವಾಯಿತು. ಕೃತಜ್ಞತೆಯಲ್ಲಿ ಅವರದು ಧಾರಾಳ ಸ್ವಭಾವ. ನಾನು ತಡೆಯುವ ಮೊದಲೇ ಫೋನ್ ಕಿತ್ತುಕೊಂಡು, "ಮೇಡಂ ಜೀ, ನಮಸ್ತೇ! ಬೆಂಗಳೂರಿನಲ್ಲಿ ಹವಾ ಹೇಗಿದೆ?" ಎಂದು ಹಿಂದಿಯಲ್ಲಿ ಕೇಳಿದರು.

ಅಕ್ಕನ ದನಿಗೆ ಸ್ಪೀಕರ್ ಬೇಕಿರಲಿಲ್ಲ. "ಬೆಂಗಳೂರಾ? ನಾನು ರೋಹಿಣಿಯಲ್ಲಿ ಇದ್ದೀನಿ ಭಾಯಿ ಸಾಹಬ್. ಇಲ್ಲಿ ಬೆಂಕಿ ಸುರೀತಿದೆ" ಎಂದು ತರಕಾರಿ ಸಂತೆಯಲ್ಲಿ ಪಳಗಿದ ಹಿಂದಿಯಲ್ಲಿ ಅಂದಳು.

"ಯಾವ ಕಂಪನಿ?"

"ಕಂಪನಿ ಎಲ್ಲಿ ಬಂತು? ಮನೇಲಿ ಇದ್ದೀನಿ. ನಾನು ಮಂಜುನ ಅಕ್ಕ."

ಇದನ್ನು ದೃಢಪಡಿಸಲೆಂಬಂತೆ ಹಿಂದೆ ಕುಕ್ಕರ್ ಕೂಗಿತು. ಸಾಹೇಬರು ಫೋನನ್ನು ಕಿವಿಯಿಂದ ದೂರ ಹಿಡಿದು ನನ್ನನ್ನು ನೋಡಿದರು. ಅಕ್ಕ ಅಷ್ಟಕ್ಕೆ ಬಿಡಲಿಲ್ಲ. "ನನ್ನ ತಮ್ಮ ಒಳ್ಳೆಯವನು ಭಾಯಿ ಸಾಹಬ್. ಮೊದಲಿಂದ ಬಿಟ್ರೆ ಎಲ್ಲ ಸರಿಯಾಗಿ ಹೇಳ್ತಾನೆ. ನಡುವೆ ಮಾತಾಡಿಸಬೇಡಿ, ಅಷ್ಟೆ" ಅಂದಳು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ತೋಮರ್ ಸರ್, ನೋಟ್‌ಬುಕ್ಕು, ಬಾರದ ಕರೆಂಟು, ಎಲ್ಲವನ್ನೂ ಹೇಳಿಬಿಟ್ಟೆ. ಇವತ್ತಿಗೆ ಮೊದಲು ಒಂದು ಸಲವೂ ಇನ್‌ಸ್ಟಾಲ್ ಮಾಡಿಲ್ಲ ಸರ್ ಎಂದೆ. ಮಿಶ್ರಾಜಿ ಎದ್ದು ಬಂದು, ಆ ಎಚ್ಚರಿಕೆಗೆ ಯೆಸ್ ಒತ್ತಿದ್ದರೆ ಏನಾಗುತ್ತಿತ್ತು ಎಂದು ಮೆಲ್ಲಗೆ ಕೇಳಿದರು. ಅದನ್ನೂ ಹೇಳಿದೆ.

ಚಡ್ಢಾ ಸಾಹೇಬರು ಬಹಳ ಹೊತ್ತು ಕೂಲರನ್ನು ನೋಡಿದರು. "ನಾನೂ ನಿನಗೆ ಎ.ಸಿ. ಇದೆ ಅಂದಿದ್ದೆ" ಎಂದು ಕೊನೆಗೆ ಗೊಣಗಿದರು. ಕೆಲಸ ಉಳಿಯಿತೆಂದು ನನಗೆ ಆಗಲೇ ಗೊತ್ತಾಯಿತು. ಪ್ರೊಬೇಷನ್ ಮಾತ್ರ ಮೂರು ತಿಂಗಳಿಂದ ಒಂಬತ್ತಕ್ಕೆ ಏರಿತು.

ಮಿಶ್ರಾಜಿ ನಗಲಿಲ್ಲ, ಬೈಯಲೂ ಇಲ್ಲ. ಸರ್ವರ್ ಆಫ್ ಮಾಡಲು ಹೇಳಿ, ಸ್ಕ್ರೂಡ್ರೈವರ್ ತಂದು, ತಮ್ಮ ಡಿಸ್ಕನ್ನು ಬಿಚ್ಚಿ ಮತ್ತೆ ಗಮಚಾದಲ್ಲಿ ಸುತ್ತಿಕೊಂಡರು. ಆ ದಿನ ಆ ಕೋಣೆಯಲ್ಲಿ ನಡೆದ ಏಕೈಕ ಎಂಟರ್‌ಪ್ರೈಸ್ ಮಟ್ಟದ ಕೆಲಸ ಅದು. "ಎಂಟು ವರ್ಷ, ಬೇಟಾ" ಎಂದರು ಅಷ್ಟೆ. ಬೈದಿದ್ದರೆ ಹಗುರವಾಗುತ್ತಿತ್ತು. ಆಮೇಲೆ ಬಾಗಿಲಲ್ಲಿ ನಿಂತು ಚಡ್ಢಾ ಸಾಹೇಬರಿಗೆ ಹೇಳಿದರು: "ಆ ಮೇಡಂ ಬಂದು ಎದುರಿಗೆ ಕೂರುವವರೆಗೆ ಈ ಡಿಸ್ಕನ್ನು ಯಾವ ಯಂತ್ರಕ್ಕೂ ಕೊಡುವುದಿಲ್ಲ."

ಎರಡನೇ ಡಿಸ್ಕ್ ಹೋದ ಮೇಲೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು. ಮೊದಲಿನಿಂದ ಎಂದರೆ ನನಗೆ ಸ್ವರ್ಗ. ಮಗ್ಗಿ ಎಲ್ಲೂ ತಡವರಿಸದೆ ಇಪ್ಪತ್ತೆರಡನೇ ಪುಟ ಮುಟ್ಟಿತು. ಮೂರನೇ ಸಿ.ಡಿ. ಹಾಕುವಾಗ ಯಾರೂ ಮಾತಾಡಿಸಲಿಲ್ಲ. ಸಾಹೇಬರು ಎಲ್ಲರಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದರು.

ಮನೆಗೆ ಹೋಗಿ, ಮುಂದಿನ ವಾರದ ಭಾನುವಾರ ನೀನು ಬರಬೇಕಂತೆ ಎಂದು ಅಕ್ಕನಿಗೆ ತಿಳಿಸಿದಾಗ ಅವಳು, "ನಾನಾ? ಮಾನೇಸರ್‌ಗಾ?" ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಬೇರೆ ಯಾವುದೋ ಮಾತಿನ ನಡುವೆ, ಏನು ಉಟ್ಟುಕೊಂಡು ಬರಲಿ ಎಂದು ಕೇಳಿದಳು. ಭಾವ ಪತ್ರಿಕೆಯಿಂದ ತಲೆ ಎತ್ತಿ, ಭಾನುವಾರ ಊಟಕ್ಕೆ ಏನು ಮಾಡೋದು ಎಂದರು. ಅವರ ಪ್ರಶ್ನೆಯೂ ನ್ಯಾಯವಾದದ್ದೇ.

ಭಾನುವಾರ ಕಾರ್ಖಾನೆಗೆ ರಜೆ. ಧೌಲಾ ಕುವಾನಿನಿಂದ ಹರಿಯಾಣಾ ರೋಡ್‌ವೇಸ್ ಬಸ್ಸಿನಲ್ಲಿ, ಕಿಟಕಿ ಪಕ್ಕ ಅಕ್ಕ, ಅವಳ ತೊಡೆಯ ಮೇಲೆ ನಮ್ಮಿಬ್ಬರಿಗೂ ಮಿಶ್ರಾಜಿಗೂ ಸೇರಿ ಕಟ್ಟಿದ ಚಿತ್ರಾನ್ನದ ಡಬ್ಬಿ. ದೆಹಲಿಗೆ ಬಂದು ಹನ್ನೊಂದು ವರ್ಷದಲ್ಲಿ ಊರಿಗೆ ಹೋಗಿಬರುವುದು ಬಿಟ್ಟರೆ ಅವಳು ಇಷ್ಟು ದೂರ ಬಂದದ್ದು ಆಗ್ರಾ ನೋಡಲು ಹೋದಾಗ ಮಾತ್ರ. ಮಿಶ್ರಾಜಿ ಗೇಟಿನಲ್ಲೇ ಕಾಯುತ್ತಿದ್ದರು. ನಮಸ್ತೇ ಬೆಹನ್‌ಜೀ ಎಂದು ಕೈ ಮುಗಿದು, ಸರ್ವರ್ ಮುಂದಿನ ತಿರುಗುವ ಕುರ್ಚಿಯನ್ನು ಗಮಚಾದಿಂದ ಒರೆಸಿ ಅಕ್ಕನಿಗೆ ಕೊಟ್ಟರು. ಅವರ ಎಂಟು ವರ್ಷದ ಪ್ರತಿಗಳನ್ನು ಇಡಲೆಂದೇ ಎರಡನೆಯ ಯಂತ್ರವೊಂದು ಆ ವಾರ ಬಂದಿತ್ತು. ಅದಕ್ಕೂ ಲಿನಕ್ಸ್ ಹಾಕಬೇಕಿತ್ತು. ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತೆ.

ಮೊದಲ ತೆರೆ ಬಂತು. ಬಲಗಡೆ ಆರಿಸುವ ಗುಂಡಿಗಳಿದ್ದವು. ಎಡಗಡೆ ಸಣ್ಣ ಅಕ್ಷರದಲ್ಲಿ ಉದ್ದುದ್ದ ವಿವರಣೆ ಇತ್ತು. ಆ ಎಡಭಾಗವನ್ನು ಜಗತ್ತಿನಲ್ಲಿ ಯಾರೂ ಓದಿರಲಾರರು. ಬರೆದವನೂ ಎರಡನೇ ಸಲ ಓದಿರಲಿಕ್ಕಿಲ್ಲ. ಅಕ್ಕ ಅಲ್ಲಿಂದ ಶುರು ಮಾಡಿದಳು. ತೆರೆಯ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತಾ, ಪಿಯುಸಿ ಇಂಗ್ಲಿಷಿನಲ್ಲಿ ಸಾಲು ಸಾಲು ಓದಿದಳು. ತಿಳಿಯದ ಕಡೆ ನಿಂತು ನನ್ನನ್ನು ಕೇಳಿದಳು. ನನಗೂ ತಿಳಿಯದಿದ್ದಾಗ ಮಿಶ್ರಾಜಿಯನ್ನು 'ಯೇ ಕ್ಯಾ ಹೈ' ಎಂದು ಕೇಳಿದಳು. ಕಲ್ಕತ್ತಾ ಯಾಕೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಒಂದು ಗಂಟೆಯಾದರೂ ಡಿಸ್ಕಿನ ತೆರೆ ದಾಟಿರಲಿಲ್ಲ. ಚಿತ್ರಾನ್ನದ ವಾಸನೆ ಬರುತ್ತಿತ್ತು. ತಾಳ್ಮೆಗೆಟ್ಟು, "ನೆಕ್ಸ್ಟ್ ಒತ್ತಕ್ಕ, ಇದರಲ್ಲಿ ಏನೂ ಇಲ್ಲ" ಎಂದೆ.

"ನಿನಗೆ ಹೇಗೋ ಗೊತ್ತು? ಇರು."

ಅಷ್ಟರಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು. ರೋಹಿಣಿಯಿಂದ ಭಾವ. ಕುಕ್ಕರ್ ಅರ್ಧ ಗಂಟೆಯಿಂದ ಕೂಗುತ್ತಿಲ್ಲ, ಪಿಂಕಿ ಹಸಿವು ಅಂತಿದ್ದಾಳೆ, ಅಕ್ಕನಿಗೆ ಕೊಡು, ಏನು ಮಾಡಬೇಕು ಕೇಳಬೇಕು ಎಂದರು. ನಾನು ಫೋನನ್ನು ಅಕ್ಕನತ್ತ ಚಾಚಿದೆ. ಭಾವ ಕರೆದರೆ ಎರಡನೇ ಕೂಗಿಗೆ ಅವಳು ಎದ್ದು ಹೋಗುವುದನ್ನು ನಾನು ಆ ಮನೆಯಲ್ಲಿ ದಿನವೂ ಕಂಡಿದ್ದೆ.

ಅಕ್ಕ ಫೋನಿನತ್ತ ನೋಡಲಿಲ್ಲ. ಬೆರಳು ಎಸ್‌ಡಿಎ ಎಂಬ ಹೆಸರಿನ ಕೆಳಗೇ ಇತ್ತು.

"ಕೆಲಸದಲ್ಲಿದ್ದೀನಿ ಅಂತ ಹೇಳೋ" ಅಂದಳು.